ಒಂದೂವರೆ ಜಿಬಿ ವಿಡಿಯೊ ಆರೂವರೆ ಜಿಬಿ ಆದದ್ದು ಹೇಗೆ?

ಹಬ್ಬಕ್ಕೆ ಊರಿಗೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಏನೇನು ಕೆಲಸ ಕಾದಿರುತ್ತವೆ ಅಂತ ನಿಮಗೂ ಗೊತ್ತಿರುತ್ತದೆ. ಪಂಚಾಯ್ತಿಯವರ ಪ್ರಿಂಟರ್ ಯಾಕೆ ಮುಷ್ಕರ ಹೂಡಿದೆ, ಮಾವನ ಫೋನ್ ಯಾಕೆ 'ಸ್ಟೋರೇಜ್ ಫುಲ್' ಅನ್ನುತ್ತದೆ, ಅತ್ತೆಯ ವಾಟ್ಸ್ಆ್ಯಪ್‌ಗೆ ದಿನಾ ಬೆಳಗ್ಗೆ ಬರುವ ಗುಡ್ ಮಾರ್ನಿಂಗ್ ಫೋಟೊಗಳನ್ನು ನಿಲ್ಲಿಸುವುದು ಹೇಗೆ... ಎಂಜಿನಿಯರಿಂಗ್ ಓದಿದ ಮೇಲೆ ಇದೆಲ್ಲ ಬರಲೇಬೇಕು ಅನ್ನುವುದು ಜನರ ಲೆಕ್ಕ. ನಮ್ಮೂರು ನೆಲೋಗಿ. ಜೇವರ್ಗಿ ತಾಲೂಕು, ಕಲಬುರಗಿ ಜಿಲ್ಲೆ. ಮಾಜಿ ಮುಖ್ಯಮಂತ್ರಿ ಧರಂ ಸಿಂಗ್ ಅವರ ಊರು ಅಂದರೆ ಹೊರಗಿನವರಿಗೆ ಬೇಗ ಗುರುತು ಹತ್ತುತ್ತದೆ. ಅಲ್ಲಿ ನನ್ನ ಪಾಲಿಗೆ ಹೆಚ್ಚು ಬರುವ ಕೇಸು ವಿಡಿಯೊ.

ಹೋದ ಸಲ ಬಂದದ್ದು ಕಾಕಾನ ಪೆನ್‌ಡ್ರೈವ್. 2013ರ ಮದುವೆಯ ತುಣುಕು, ಹನ್ನೊಂದು ನಿಮಿಷದ್ದು. ಅರಿಶಿನ ಹಚ್ಚುವ ಹೊತ್ತಿನಲ್ಲಿ ನಮ್ಮ ಆಯಿ ಸೋಬಾನ ಪದ ಹಾಡಿದ್ದಾಳೆ. ಆಯಿ ಈಗ ಇಲ್ಲ. ಆಕೆಯ ದನಿ ಉಳಿದಿರುವುದು ಇದೊಂದರಲ್ಲೇ. ಅಂದು ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದದ್ದು. ಎಂಟಿಎಸ್ ಅನ್ನುವ ಫೈಲು, 1.4 ಜಿಬಿ. ಮನೆಯ ಟಿವಿಗೆ ಅದು ಓದಲು ಬರಲಿಲ್ಲ. ಕಾಕಾನ ಮಗ ನೆಟ್‌ನಿಂದ ಯಾವುದೋ ಉಚಿತ ಕನ್ವರ್ಟರ್ ಇಳಿಸಿ ಎವಿಐ ಮಾಡಿದ್ದಾನೆ. ರಾತ್ರಿಯೆಲ್ಲ ಓಡಿ ಬೆಳಗ್ಗೆ ಹೊರಬಂದ ಫೈಲು 6.6 ಜಿಬಿ. ಅದನ್ನು 32 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಹೋದರೆ 'ಫೈಲ್ ತುಂಬಾ ದೊಡ್ಡದು' ಅಂತ ವಾಪಸ್.

"ಏ ತಮ್ಮಾ, ಒಂದೂವರಿ ಜಿಬಿ ಇದ್ದದ್ದು ಆರೂವರಿ ಆಗ್ಯಾದ ನೋಡು. ಅಂದ್ರ ಕ್ಲಿಯರ್ ಭಾಳ ಛಲೋ ಆಗಿರಬೇಕು ಅಲಾ? ಹಳೀದು ಡಿಲೀಟ್ ಮಾಡಿಬಿಡ್ಲಾ? ಕಾರ್ಡ್ ತುಂಬ್ಯಾದ."

"ಬ್ಯಾಡ ಕಾಕಾ. ಹಳೇದನ್ನ ಮುಟ್ಟಬ್ಯಾಡ್ರಿ. ಛಲೋದು ಅದs."

ಕಾಕಾ ಕೇಳಿದ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ. ಬೆಂಗಳೂರಿನಲ್ಲಿ ನನ್ನ ಜೊತೆ ಕೂತು ಕೋಡ್ ಬರೆಯುವವರೂ ಇದನ್ನೇ ಕೇಳಿದ್ದಾರೆ. ತೂಕ ಹೆಚ್ಚಾದರೆ ಮಾಲೂ ಹೆಚ್ಚಾಗಿರಬೇಕಲ್ಲ? ತೊಗರಿಯ ವಿಷಯದಲ್ಲಿ ಈ ಮಾತು ನಿಜ. ವಿಡಿಯೊದಲ್ಲಿ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಕ್ಯಾಮೆರಾ ಒಳಗೆ ಏನು ನಡೆಯುತ್ತದೆ ಅನ್ನುವುದರಿಂದ ಶುರುಮಾಡಬೇಕು.

ಹನ್ನೊಂದು ನಿಮಿಷದ ನಿಜವಾದ ತೂಕ

ಫುಲ್ ಎಚ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ 20,73,600. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಹಿಡಿಯಿರಿ. ಒಂದೇ ಒಂದು ಚಿತ್ರಕ್ಕೆ 6.2 ಎಂಬಿ ಆಯಿತು. ಸೆಕೆಂಡಿಗೆ 25 ಚಿತ್ರ ಬೇಕು, ಅಂದರೆ 155 ಎಂಬಿ. ಹನ್ನೊಂದು ನಿಮಿಷಕ್ಕೆ? ಸುಮಾರು 102 ಜಿಬಿ. ಆಯಿಯ ಒಂದು ಹಾಡು ನಿಮ್ಮ ಫೋನನ್ನು ಪೂರ್ತಿ ತುಂಬಿಬಿಡುತ್ತದೆ.

ಕ್ಯಾಮೆರಾ ಈ 102ನ್ನು 1.4ಕ್ಕೆ ಇಳಿಸಿದೆ. ಎಪ್ಪತ್ತು ಪಟ್ಟಿಗೂ ಮಿಕ್ಕಿ ಹಿಂಡಿದೆ, ಆದರೂ ನಮ್ಮ ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಈ ಕಾಲದಲ್ಲಿ ಯಾರೂ ಹೊಗಳದ ಪವಾಡ ಅಂದರೆ ಇದೇ ಅಂತ ನನ್ನ ಅಭಿಪ್ರಾಯ.

ಮೊದಲ ಕತ್ತರಿ ಬೀಳುವುದು ಬಣ್ಣಕ್ಕೆ. ಬೆಳಕು-ನೆರಳಿನ ವ್ಯತ್ಯಾಸವನ್ನು ನಮ್ಮ ಕಣ್ಣು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ವಿಷಯದಲ್ಲಿ ಸ್ವಲ್ಪ ಒರಟು. ಹಾಗಾಗಿ ಕ್ಯಾಮೆರಾ ಬೆಳಕನ್ನು ಪ್ರತಿ ಚುಕ್ಕಿಗೂ ಬರೆದಿಡುತ್ತದೆ, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ. ಇಷ್ಟಕ್ಕೇ ತೂಕ ಅರ್ಧ.

ಉಳಿದ ಹಿಂಡುವಿಕೆಯ ದೊಡ್ಡ ಪಾಲನ್ನು ಮದುವೆ ಮನೆಯ ಉದಾಹರಣೆಯಿಂದಲೇ ಹೇಳಬಹುದು. ಮುಯ್ಯಿ ಬರೆದುಕೊಳ್ಳುವ ಪಟ್ಟಿ (ನಮ್ಮ ಕಡೆ ಆಯೇರಿ ಪಟ್ಟಿ) ನೋಡಿದ್ದೀರಲ್ಲ? ಹೆಸರು, ಊರು, ಎಷ್ಟು ರೂಪಾಯಿ. ಒಂದೇ ಊರಿನಿಂದ ಇಪ್ಪತ್ತು ಜನ ಬಂದರೆ ಬರೆಯುವವರು ಇಪ್ಪತ್ತು ಸಲ 'ಜೇವರ್ಗಿ' ಅಂತ ಬರೆಯುವುದಿಲ್ಲ. ಮೊದಲ ಸಾಲಿನಲ್ಲಿ ಒಮ್ಮೆ ಬರೆದು, ಕೆಳಗೆ ಎರಡು ಗೀಟು ಎಳೆಯುತ್ತಾ ಹೋಗುತ್ತಾರೆ. ಮೇಲಿನಂತೆಯೇ ಅಂತ ಅರ್ಥ. ಬದಲಾದದ್ದನ್ನು ಮಾತ್ರ ಬರೆಯುತ್ತಾರೆ.

ವಿಡಿಯೊ ಕೂಡ ಹಾಗೆಯೇ. ಆಯಿ ಹಾಡುತ್ತಿದ್ದಾಳೆ. ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡುವುದಿಲ್ಲ. ಅಲ್ಲಾಡುವುದು ಆಕೆಯ ತುಟಿ, ತಟ್ಟುವ ಕೈ, ಪಕ್ಕದಲ್ಲಿ ಕೂತವರ ತಲೆ. ಕ್ಯಾಮೆರಾ ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ಆಮೇಲಿನ ಹತ್ತು-ಹನ್ನೆರಡು ಚಿತ್ರಗಳಿಗೆ 'ಮೇಲಿನಂತೆಯೇ, ಆದರೆ ಇಲ್ಲಿಷ್ಟು ಬದಲು' ಅಂತ ಮಾತ್ರ ಬರೆಯುತ್ತದೆ. ಕೈ ಎಡದಿಂದ ಬಲಕ್ಕೆ ಸರಿದರೆ ಕೈಯನ್ನು ಮತ್ತೆ ಚಿತ್ರಿಸುವುದಿಲ್ಲ. 'ಆ ತುಂಡನ್ನು ಇಷ್ಟು ಚುಕ್ಕಿ ಬಲಕ್ಕೆ ಇಡು' ಅಂತ ಟಿಪ್ಪಣಿ ಇಡುತ್ತದೆ. ಕೆಲವು ಚಿತ್ರಗಳು ಹಿಂದಿನದನ್ನಷ್ಟೇ ಅಲ್ಲ, ಮುಂದೆ ಬರುವ ಚಿತ್ರವನ್ನೂ ನೋಡಿ ಬರೆಸಿಕೊಳ್ಳುತ್ತವೆ. ಈ ವಿದ್ಯೆಗೆ ನಮ್ಮ ಕಾಲದಲ್ಲಿ ಎಚ್.264 ಅಂತ ಹೆಸರು. 2003ರಲ್ಲಿ ಪ್ರಮಾಣಕವಾಯಿತು. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಇದನ್ನೇ ಮನೆಬಳಕೆಯ ಕ್ಯಾಮೆರಾಗಳಿಗೆ ತಂದು ಎವಿಸಿಎಚ್‌ಡಿ ಅಂತ ಕರೆದವು. ಕಾಕಾನ ಎಂಟಿಎಸ್ ಅದರದ್ದೇ ಕೂಸು.

ಈಗ ಆ ಉಚಿತ ಕನ್ವರ್ಟರ್ ಮಾಡಿದ್ದು ನೋಡಿ. ಅದು ಎವಿಐ ಒಳಗೆ ತುಂಬಿದ್ದು ಮೋಷನ್ ಜೆಪೆಗ್ ಅನ್ನುವ ಹಳೆಯ ಪದ್ಧತಿಯ ವಿಡಿಯೊ. ಒಂದು ಕಾಲದ ಡಿಜಿಟಲ್ ಸ್ಟಿಲ್ ಕ್ಯಾಮೆರಾಗಳು ವಿಡಿಯೊ ತೆಗೆಯುತ್ತಿದ್ದದ್ದು ಹೀಗೆಯೇ. ಇದಕ್ಕೆ ಗೀಟು ಎಳೆಯುವುದು ಗೊತ್ತಿಲ್ಲ. ಪ್ರತಿ ಚಿತ್ರವೂ ಒಂದು ಬಿಡಿ ಫೋಟೊ. ಗೋಡೆ, ಕ್ಯಾಲೆಂಡರ್, ಕ್ಯಾಲೆಂಡರ್‌ನಲ್ಲಿನ ದೇವರು, ಎಲ್ಲವನ್ನೂ ಸೆಕೆಂಡಿಗೆ 25 ಸಲ ಹೊಸದಾಗಿ ಬರೆಯುತ್ತದೆ. ಆಯೇರಿ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಊರು, ತಾಲೂಕು, ಜಿಲ್ಲೆ, ಪಿನ್‌ಕೋಡ್ ಬರೆದಂತೆ. ಪಟ್ಟಿ ನಾಲ್ಕು ಪುಟದ ಬದಲು ಹದಿನೆಂಟು ಪುಟ ಆಗುತ್ತದೆ, ಬಂದ ಮುಯ್ಯಿ ಮಾತ್ರ ಒಂದು ರೂಪಾಯಿ ಹೆಚ್ಚಾಗುವುದಿಲ್ಲ.

ಚೀಲ ಬೇರೆ, ಕಾಳು ಬೇರೆ

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಎಂಟಿಎಸ್, ಎಂಪಿ4, ಎಂಒವಿ, ಎಂಕೆವಿ, ಎವಿಐ ಇವೆಲ್ಲ ವಿಡಿಯೊ ಅಲ್ಲವೇ ಅಲ್ಲ. ಚೀಲಗಳು. ಒಳಗಿನ ಕಾಳು ಎಚ್.264 ಇರಬಹುದು, ಎಚ್.265 ಇರಬಹುದು, ಮೋಷನ್ ಜೆಪೆಗ್ ಇರಬಹುದು. ಒಂದೇ ಎಂಪಿ4 ಚೀಲದಲ್ಲಿ ಬೇರೆ ಬೇರೆ ಕಾಳು ಬರಬಹುದು, ಒಂದೇ ಕಾಳು ಬೇರೆ ಬೇರೆ ಚೀಲದಲ್ಲೂ ಬರಬಹುದು.

ಕಾಕಾನ ಟಿವಿಗೆ ಎಚ್.264 ಚೆನ್ನಾಗಿಯೇ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು ಎಂಟಿಎಸ್ ಅನ್ನುವ ಚೀಲ. ಬೇಕಾಗಿದ್ದದ್ದು ಚೀಲ ಬದಲಿಸುವುದಷ್ಟೇ. ತೊಗರಿಯನ್ನು ಗೋಣಿಚೀಲದಿಂದ ಪ್ಲಾಸ್ಟಿಕ್ ಚೀಲಕ್ಕೆ ಸುರಿದರೆ ತೂಕ ಬದಲಾಗುತ್ತದೆಯೇ? ಕನ್ವರ್ಟರ್ ಹಾಗೆ ಮಾಡಲಿಲ್ಲ. ಕಾಳನ್ನು ಬಿಚ್ಚಿ, ಮತ್ತೆ ತನಗೆ ತಿಳಿದಂತೆ ಕಟ್ಟಿತು.

ಚೀಲ ಮಾತ್ರ ಬದಲಿಸುವ ಕೆಲಸಕ್ಕೆ ರೀಮಕ್ಸ್ ಅನ್ನುತ್ತಾರೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರುಮಾಡಿದ್ದು. ಇಂದು ವಿಡಿಯೊ ಮುಟ್ಟುವ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲಿ ಕೂತು ದುಡಿಯುತ್ತಿದೆ. ಅದಕ್ಕೆ 'ಕೋಡೆಕ್ ಕಾಪಿ' ಅಂತ ಒಂದು ಆಜ್ಞೆ ಕೊಟ್ಟರೆ ಸಾಕು. ಕಪ್ಪು ಪರದೆ ಕಂಡರೆ ಭಯ ಅನ್ನುವವರಿಗೆ ಲಾಸ್‌ಲೆಸ್‌ಕಟ್ ಅಂತ ಉಚಿತ ಆ್ಯಪ್ ಇದೆ, ಅದರಲ್ಲಿ ಮೌಸ್ ಹಿಡಿದೇ ಇದನ್ನು ಮಾಡಬಹುದು. ಕಾಕಾನ ಫೈಲಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಚಿತ್ರವನ್ನು ಹಾಗೆಯೇ ಸುರಿದು, ಧ್ವನಿಯನ್ನು ಮಾತ್ರ ಬದಲಿಸಿದೆ. ಕ್ಯಾಮೆರಾ ಡಾಲ್ಬಿಯ ಎಸಿ-3 ಧ್ವನಿ ಬರೆದಿತ್ತು, ಎಷ್ಟೋ ಫೋನ್‌ಗಳಲ್ಲಿ ಅದು ಮೂಕಾಗುತ್ತದೆ. ಹಾಗಾಗಿ ಎಎಸಿ ಮಾಡಿದೆ. 1.4 ಜಿಬಿ ಹೋಗಿ 1.4 ಜಿಬಿಯಾಗಿಯೇ ಬಂತು.

"ಇಷ್ಟs ಏನು?" ಅಂದರು ಕಾಕಾ. ಅವರಿಗೆ ಸ್ವಲ್ಪ ನಿರಾಸೆ ಆದಂತಿತ್ತು. ರಾತ್ರಿಯೆಲ್ಲ ಓಡಿದ ಕಂಪ್ಯೂಟರ್‌ಗೆ ಮರ್ಯಾದೆ ಬೇಡವೇ!

ಪೆನ್‌ಡ್ರೈವ್ ಯಾಕೆ ಬೇಡ ಅಂದಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಹಳಷ್ಟು ಪೆನ್‌ಡ್ರೈವ್‌ಗಳು ಫ್ಯಾಟ್32 ಅನ್ನುವ ಹಳೆಯ ವ್ಯವಸ್ಥೆಯಲ್ಲಿ ಇರುತ್ತವೆ. ಅದರಲ್ಲಿ ಎಷ್ಟೇ ಖಾಲಿ ಜಾಗವಿದ್ದರೂ 4 ಜಿಬಿಗೆ ಮಿಕ್ಕಿದ ಒಂದೇ ಫೈಲನ್ನು ಇಡಲು ಬರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಇಡಬಹುದು, ಆದರೆ ಹಳೆಯ ಟಿವಿಗಳಲ್ಲಿ ಹಲವು ಅದನ್ನು ಓದುವುದಿಲ್ಲ.

ಫೈಲಿನ ಗಾತ್ರ ಯಾರ ಕೈಯಲ್ಲಿದೆ?

ಇಡೀ ವಿಷಯವನ್ನು ಒಂದು ಸಣ್ಣ ಲೆಕ್ಕ ಹಿಡಿದಿಡುತ್ತದೆ. ಬಿಟ್‌ರೇಟ್ ಗುಣಿಸು ಸೆಕೆಂಡು, ಭಾಗಿಸು ಎಂಟು. ಬಿಟ್‌ರೇಟ್ ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಬಿಟ್ ಖರ್ಚು ಮಾಡಬೇಕು ಅನ್ನುವ ಬಜೆಟ್. ಕ್ಯಾಮೆರಾ ಸೆಕೆಂಡಿಗೆ 17 ಮೆಗಾಬಿಟ್ ಖರ್ಚು ಮಾಡಿತ್ತು. 17 ಗುಣಿಸು 660 ಸೆಕೆಂಡು, ಭಾಗಿಸು 8, ಅಂದರೆ 1,402 ಎಂಬಿ. ಕನ್ವರ್ಟರ್ 80 ಮೆಗಾಬಿಟ್ ಖರ್ಚು ಮಾಡಿತು. ಅದಕ್ಕೇ 6,600 ಎಂಬಿ. ಚಿತ್ರದ ಗಾತ್ರ, ಬಣ್ಣ, ಸ್ಪಷ್ಟತೆ ಯಾವುದೂ ಈ ಲೆಕ್ಕದಲ್ಲಿ ನೇರವಾಗಿ ಇಲ್ಲ. ಬಜೆಟ್ ಎಷ್ಟು ಅಂತ ತೀರ್ಮಾನಿಸಿದವನು ಗಾತ್ರ ತೀರ್ಮಾನಿಸಿದ.

ಬಹಳ ಕನ್ವರ್ಟರ್‌ಗಳಲ್ಲಿ 'ಹೈ ಕ್ವಾಲಿಟಿ', 'ಅಲ್ಟ್ರಾ', 'ಬ್ಲೂರೇ' ಅಂತ ಬಟನ್ ಇರುತ್ತವೆ. ಅವುಗಳ ಹಿಂದೆ ಇರುವುದು ಒಂದು ನಿಗದಿತ ಬಿಟ್‌ರೇಟ್, ಅಷ್ಟೇ. ಒಳಗೆ ಹೋದದ್ದು ಏನು ಅಂತ ಅದು ಕೇಳುವುದಿಲ್ಲ.

ನಮ್ಮ ಹೈಸ್ಕೂಲ್ ದಿನಗಳಲ್ಲಿ ಬಟನ್ ಫೋನ್‌ಗಳಲ್ಲಿ 3ಜಿಪಿ ವಿಡಿಯೊ ಇರುತ್ತಿದ್ದವು ನೆನಪಿದೆಯೇ? 176ಕ್ಕೆ 144 ಚುಕ್ಕಿ, ಬ್ಲೂಟೂತ್‌ನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದದ್ದು. ನಿಮಿಷಕ್ಕೆ ಒಂದು ಎಂಬಿ ಆಸುಪಾಸು. ಇಂಥದನ್ನು ಟಿವಿಯಲ್ಲಿ ನೋಡಬೇಕು ಅಂತ ಡಿವಿಡಿ ಮಾಡಿಸಿದರೆ 720ಕ್ಕೆ 576 ಚುಕ್ಕಿಗೆ ಹಿಗ್ಗಿಸಬೇಕು. ಚುಕ್ಕಿಗಳ ಸಂಖ್ಯೆ ಹದಿನಾರು ಪಟ್ಟು. ಸೆಕೆಂಡಿಗೆ 6 ಮೆಗಾಬಿಟ್ ಬಜೆಟ್ ಇಟ್ಟರೆ ನಿಮಿಷಕ್ಕೆ 45 ಎಂಬಿ. ಒಂದು ಎಂಬಿ ಹೋಗಿ ನಲವತ್ತೈದು ಆಯಿತು, ಮುಖ ಮಾತ್ರ ಅದೇ ಮಸುಕು. ಇಲ್ಲದ ಚುಕ್ಕಿಯನ್ನು ಕನ್ವರ್ಟರ್ ಎಲ್ಲಿಂದ ತಂದೀತು? ಅಕ್ಕಪಕ್ಕದ್ದನ್ನು ನೋಡಿ ಅಂದಾಜು ತುಂಬುತ್ತದೆ.

ಹೊಸದಾಗಿ ಕಟ್ಟುವಾಗ ಏನಾದರೂ ಕಳೆದೇ ಹೋಗುತ್ತದೆ, ಸೇರುವುದಿಲ್ಲ. ಜೆರಾಕ್ಸಿನ ಜೆರಾಕ್ಸ್ ತೆಗೆಸಿದ ಹಾಗೆ. ದೊಡ್ಡ ಕಾಗದದಲ್ಲಿ ತೆಗೆಸಿದರೂ ಮೂಲಕ್ಕಿಂತ ಅಕ್ಷರ ಸ್ಪಷ್ಟ ಆಗುವುದಿಲ್ಲ. ಆಯಿಯ ವಿಡಿಯೊದಲ್ಲಿ 6.6 ಜಿಬಿಯದು 1.4 ಜಿಬಿಯದಕ್ಕಿಂತ ಒಂದು ಕೂದಲಷ್ಟಾದರೂ ಕಡಿಮೆಯೇ. ಕಾಕಾ ಅಂದು ಕಾರ್ಡ್ ಅಳಿಸಿದ್ದರೆ ಉಳಿಯುತ್ತಿದ್ದದ್ದು ಆ ಜೆರಾಕ್ಸ್.

ಅರ್ಧ ಚಿತ್ರಗಳ ಲೆಕ್ಕ

ಇನ್ನೊಂದು ಕಾರಣ ಸ್ವಲ್ಪ ಇತಿಹಾಸದ್ದು. ನಮ್ಮ ಭಾಗಕ್ಕೂ ಟಿವಿಗೂ ಹಳೆಯ ನಂಟಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ ನಡೆಸಿದ 'ಸೈಟ್' ಪ್ರಯೋಗದಲ್ಲಿ ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಬಂದವು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನ ಮನೆಗಳಲ್ಲಿ ಇನ್ನೂ ಟಿವಿ ಇರದ ಕಾಲಕ್ಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ಗುಂಪುಗೂಡಿ ಟಿವಿ ನೋಡಿದರು. (ಇದನ್ನು ಆಫೀಸಿನ ಕ್ಯಾಂಟೀನ್‌ನಲ್ಲಿ ಹೇಳಲು ನನಗೆ ಎಲ್ಲಿಲ್ಲದ ಖುಷಿ.)

ಆ ಕಾಲದ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು, ಪ್ರತಿ ಚಿತ್ರವನ್ನು ಎರಡು ಕಂತಿನಲ್ಲಿ. ಮೊದಲು ಬೆಸ ಸಾಲುಗಳು, ಆಮೇಲೆ ಸಮ ಸಾಲುಗಳು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ನಮ್ಮ ಕರೆಂಟು 50 ಹರ್ಟ್ಜ್ ಇರುವುದಕ್ಕೂ ಈ ಸಂಖ್ಯೆಗೂ ಸಂಬಂಧವಿದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್, ಅಲ್ಲಿಯ ಟಿವಿ ಸೆಕೆಂಡಿಗೆ ಸುಮಾರು 30 ಚಿತ್ರ. 2013ರ ಆ ಹ್ಯಾಂಡಿಕ್ಯಾಮ್ ಕೂಡ ಇದೇ ಸಂಪ್ರದಾಯ ಹಿಡಿದು 50 ಅರ್ಧ ಚಿತ್ರಗಳನ್ನೇ ಬರೆದಿತ್ತು.

ಇಂದಿನ ಪರದೆಗಳಿಗೆ ಅರ್ಧ ಚಿತ್ರ ಹಿಡಿಸುವುದಿಲ್ಲ. ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವಲ್ಲ, ಅದು ಇದೇ. ಕೆಲವು ಕನ್ವರ್ಟರ್‌ಗಳು ಇದನ್ನು ಸರಿಪಡಿಸಲು ಪ್ರತಿ ಅರ್ಧ ಚಿತ್ರವನ್ನೂ ಹಿಗ್ಗಿಸಿ ಪೂರ್ಣ ಚಿತ್ರ ಮಾಡುತ್ತವೆ. ಈಗ ಸೆಕೆಂಡಿಗೆ 50 ಪೂರ್ಣ ಚಿತ್ರ. ಕಟ್ಟಬೇಕಾದ ಸರಕು ಎರಡು ಪಟ್ಟು. ಚಲನೆ ನುಣುಪಾಗಿ ಕಾಣುತ್ತದೆ ಅನ್ನುವುದು ನಿಜ, ಬೇಕಾದವರು ಮಾಡಿಕೊಳ್ಳಲಿ. ಆದರೆ 25 ಚಿತ್ರದ ವಿಡಿಯೊವನ್ನು 'ಸ್ಮೂತ್ ಇರಲಿ' ಅಂತ 60 ಮಾಡುವುದಕ್ಕೆ ನನ್ನ ಸಮ್ಮತಿ ಇಲ್ಲ. 25ನ್ನು 60ಕ್ಕೆ ಸರಿಯಾಗಿ ಹಂಚಲು ಬರುವುದಿಲ್ಲ, ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬಂದು ಮೆರವಣಿಗೆ ಕುಂಟುತ್ತದೆ.

ರಾತ್ರಿ ತೇರು, ಭಂಡಾರ, ಪಟಾಕಿ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಚ್.264ನಿಂದ ಎಚ್.264ಗೇ ಪರಿವರ್ತಿಸಿದೆ, ಚುಕ್ಕಿ ಅಷ್ಟೇ, ಚಿತ್ರ ಅಷ್ಟೇ, ಆದರೂ ಫೈಲು ದೊಡ್ಡದಾಯಿತು, ಯಾಕೆ? ಇದು ನಿಜವಾಗಿ ಆಸಕ್ತಿ ಇರುವ ಪ್ರಶ್ನೆ.

ಒಳ್ಳೆಯ ಪರಿವರ್ತಕಗಳಲ್ಲಿ ನಿಗದಿತ ಬಜೆಟ್ ಬದಲು ನಿಗದಿತ ಗುಣಮಟ್ಟ ಅಂತ ಒಂದು ಆಯ್ಕೆ ಇರುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಆರ್‌ಎಫ್ ಅನ್ನುತ್ತಾರೆ. ಸಂಖ್ಯೆ ಕಡಿಮೆ ಆದಷ್ಟೂ ಗುಣಮಟ್ಟ ಹೆಚ್ಚು, ಆರು ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಇಲ್ಲಿ ತಂತ್ರಾಂಶ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸುತ್ತದೆ. ಮುಂದೆ ಇಟ್ಟ ಚಿತ್ರದಲ್ಲಿ ಏನಿದೆಯೋ ಅದನ್ನೆಲ್ಲ ಇಷ್ಟು ನಿಷ್ಠೆಯಿಂದ ಉಳಿಸು ಅಂದಿದ್ದೀರಿ, ಉಳಿಸುತ್ತದೆ. ಆ 'ಏನಿದೆಯೋ'ದಲ್ಲಿ ಕಸವೂ ಸೇರಿದೆ ಅಂತ ಅದಕ್ಕೆ ತಿಳಿಯುವುದಿಲ್ಲ.

ರಾತ್ರಿಯ ಮದುವೆ ಮೆರವಣಿಗೆ ನೋಡಿ, ಅಥವಾ ಜಾತ್ರೆಯ ತೇರು. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾದ ಸಂವೇದಕ ಸಿಕ್ಕ ಅಲ್ಪ ಬೆಳಕನ್ನೇ ಹಿಗ್ಗಿಸುತ್ತದೆ, ಜೊತೆಗೆ ಕಾಳುಕಾಳಾದ ಮರಳಿನಂಥ ಗದ್ದಲವೂ ಹಿಗ್ಗುತ್ತದೆ. ಕಪ್ಪು ಆಕಾಶ ನಿಶ್ಚಲ ಅಂತ ನಮಗೆ ಗೊತ್ತು. ತಂತ್ರಾಂಶಕ್ಕೆ ಕಾಣುವುದು ಲಕ್ಷಾಂತರ ಚುಕ್ಕಿಗಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಕುಣಿಯುತ್ತಿರುವುದು. ಗೀಟು ಎಳೆಯಲು ಒಂದು ಜಾಗವೂ ಇಲ್ಲ, ಏಕೆಂದರೆ ಯಾವುದೂ ಮೇಲಿನಂತೆ ಇಲ್ಲ. ಭಂಡಾರ ಎರಚಿದರೆ, ಉತ್ತತ್ತಿ-ಬಾಳೆಹಣ್ಣು ತೇರಿನ ಮೇಲೆ ಹಾರಿದರೆ, ಪಟಾಕಿ ಸಿಡಿದರೆ ಅದೇ ಕಥೆ. ಹಗಲಿನಲ್ಲಿ ಗೋಡೆಯ ಮುಂದೆ ಕೂತು ಮಾತಾಡಿದ ಹತ್ತು ನಿಮಿಷಕ್ಕೂ ರಾತ್ರಿ ತೇರಿನ ಹತ್ತು ನಿಮಿಷಕ್ಕೂ, ಒಂದೇ ಗುಣಮಟ್ಟ ಕೇಳಿದರೆ, ಗಾತ್ರದಲ್ಲಿ ಹಲವು ಪಟ್ಟು ಅಂತರ ಬರಬಹುದು.

ಇದರ ಮೇಲೆ ಮೊದಲ ಕ್ಯಾಮೆರಾ ಹಿಂಡುವಾಗ ಬಿಟ್ಟ ಚೌಕ ಚೌಕ ಕಲೆಗಳಿವೆ. ಕ್ಯಾಮೆರಾ ತನ್ನ 17 ಮೆಗಾಬಿಟ್‌ನಲ್ಲಿ ಮುಗಿಸಬೇಕಿತ್ತು, ಆ ಗಡಿಬಿಡಿಯಲ್ಲಿ ಕೆಲವೆಡೆ ಒರಟು ತೇಪೆ ಹಾಕಿದೆ. ಎರಡನೆಯ ತಂತ್ರಾಂಶಕ್ಕೆ ಆ ತೇಪೆಗಳು ಕೂಡ ಮೂಲ ಚಿತ್ರವೇ. ಅವುಗಳ ಅಂಚನ್ನೂ ಜತನದಿಂದ ಉಳಿಸಲು ಬಿಟ್ ಸುರಿಯುತ್ತದೆ. 17ಕ್ಕೆ ಮುಗಿದದ್ದು 25 ಬೇಡಿದರೆ ಆಶ್ಚರ್ಯವಿಲ್ಲ. ಗದ್ದಲ ಕಡಿಮೆ ಮಾಡುವ ಶೋಧಕವನ್ನು ಹದವಾಗಿ ಬಳಸಿದರೆ ಗಾತ್ರ ಥಟ್ಟನೆ ಇಳಿಯುತ್ತದೆ, ಹೆಚ್ಚಾದರೆ ಮುಖಗಳು ಮೇಣದ ಗೊಂಬೆ ಆಗುತ್ತವೆ.

ಬೇಕೆಂದೇ ದೊಡ್ಡದು ಮಾಡುವವರು

ಜೇವರ್ಗಿಯಲ್ಲಿ ಮದುವೆ ಶೂಟಿಂಗ್ ಮಾಡುವ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದರೆ ಅವನು ನಕ್ಕ. "ನಾವು ಬೇಕಂತs ದೊಡ್ಡದು ಮಾಡ್ತೀವಲ್ಲೋ, ಎಡಿಟಿಂಗ್ ಮಾಡ್ಲಾಕ." ಅವನ ಮಾತು ನೂರಕ್ಕೆ ನೂರು ಸರಿ.

ಗೀಟು ಎಳೆದ ಪಟ್ಟಿಯ ತೊಂದರೆ ಏನೆಂದರೆ, ನಡುವಿನ ಯಾವುದೋ ಸಾಲು ಓದಬೇಕಾದರೆ ಊರಿನ ಹೆಸರು ಸಿಗುವವರೆಗೆ ಮೇಲಕ್ಕೆ ಹೋಗಬೇಕು. ಎಡಿಟಿಂಗ್‌ನಲ್ಲಿ ಹಿಂದೆ-ಮುಂದೆ ಎಳೆದಾಡುವಾಗ, ಕತ್ತರಿಸುವಾಗ, ಪ್ರತಿ ಸಲವೂ ಕಂಪ್ಯೂಟರ್ ಹೀಗೆ ಮೇಲಕ್ಕೆ ಓಡಿ ಲೆಕ್ಕ ಹಾಕಬೇಕು. ಹಾಗಾಗಿಯೇ ಆ್ಯಪಲ್ 2007ರಲ್ಲಿ ಪ್ರೊರೆಸ್ ತಂದಿತು. ಅವಿಡ್‌ನವರದ್ದು ಡಿಎನ್‌ಎಕ್ಸ್‌ಎಚ್‌ಡಿ. ಪ್ರತಿ ಚಿತ್ರವೂ ತನ್ನಷ್ಟಕ್ಕೆ ಪೂರ್ಣ, ಬಣ್ಣದ ಮಾಹಿತಿಗೂ ಹೆಚ್ಚು ಜಾಗ. ಫುಲ್ ಎಚ್‌ಡಿ, 25 ಚಿತ್ರದ ಪ್ರೊರೆಸ್ 422 ಸೆಕೆಂಡಿಗೆ ಸುಮಾರು 122 ಮೆಗಾಬಿಟ್ ತಿನ್ನುತ್ತದೆ, ಗಂಟೆಗೆ 55 ಜಿಬಿ. ಕಾಕಾನ 17 ಮೆಗಾಬಿಟ್‌ಗೆ ಹೋಲಿಸಿದರೆ ಏಳು ಪಟ್ಟು. ಇದು ಅಡುಗೆಮನೆಯ ದೊಡ್ಡ ಪರಾತ, ಊಟದ ತಟ್ಟೆ ಅಲ್ಲ. ಎಡಿಟಿಂಗ್ ಮುಗಿದ ಮೇಲೆ ಮತ್ತೆ ಎಚ್.264ಗೆ ಇಳಿಸಿ ಕೊಡುತ್ತಾರೆ. ಕೆಲವರು ಪರಾತದಲ್ಲೇ ಮನೆಗೆ ಕಳಿಸಿದಾಗ ಗೋಳು ಶುರು.

ಫೋನಿನಲ್ಲೂ ಇದೇ ಗೋಳು

ಕ್ಯಾಮೆರಾ ಯಾರ ಹತ್ತಿರ ಇದೆ ಈಗ ಅನ್ನಬೇಡಿ, ನಿಮ್ಮ ಫೋನಿನಲ್ಲೂ ಇದು ನಡೆಯುತ್ತಿದೆ. 2013ರಲ್ಲಿ ಎಚ್.265 ಬಂತು, ಎಚ್‌ಇವಿಸಿ ಅಂತಲೂ ಹೆಸರು. ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಬಿಟ್ ಸಾಕು ಅನ್ನುವುದು ಅದರ ಹೆಗ್ಗಳಿಕೆ. ಐಫೋನ್‌ಗಳಿಗೆ 2017ರಲ್ಲಿ, ಐಒಎಸ್ 11ರ ಜೊತೆ ಬಂತು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ ಒತ್ತಿ ನೋಡಿ. 'ಹೈ ಎಫಿಶಿಯೆನ್ಸಿ' ಇದ್ದರೆ ಎಚ್.265, 'ಮೋಸ್ಟ್ ಕಂಪ್ಯಾಟಿಬಲ್' ಇದ್ದರೆ ಎಚ್.264. ಫುಲ್ ಎಚ್‌ಡಿ, 30 ಚಿತ್ರದ ಒಂದು ನಿಮಿಷಕ್ಕೆ ಮೊದಲನೆಯದರಲ್ಲಿ ಸುಮಾರು 60 ಎಂಬಿ, ಎರಡನೆಯದರಲ್ಲಿ 130 ಎಂಬಿ. 4ಕೆ ಆದರೆ 170 ಮತ್ತು 350. ಹಾಗಾಗಿ ಎಚ್.265 ವಿಡಿಯೊವನ್ನು ಹಳೆಯ ಲ್ಯಾಪ್‌ಟಾಪ್‌ಗೆ ಬೇಕು ಅಂತ ಎಚ್.264 ಮಾಡಿದರೆ ಎರಡು ಪಟ್ಟು ಆಗುವುದು ಸಹಜ. ಅಲ್ಲಿ ಕನ್ವರ್ಟರ್‌ನ ತಪ್ಪೇನೂ ಇಲ್ಲ. ಕಡಿಮೆ ಮಾತಿನಲ್ಲಿ ಹೇಳಬಲ್ಲವನು ಹೇಳಿದ್ದನ್ನು ಹೆಚ್ಚು ಮಾತಾಡುವವನ ಬಾಯಲ್ಲಿ ಹೇಳಿಸಿದ್ದೀರಿ.

ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಬಳಸಿ ಪರಿವರ್ತಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಫೈಲು ಸಾಮಾನ್ಯವಾಗಿ ಸ್ವಲ್ಪ ದಪ್ಪ. ಅವಸರಕ್ಕೆ ಕೊಡುವ ಬೆಲೆ. ಧ್ವನಿಯದ್ದೂ ಒಂದು ಪಾಲಿದೆ, ಎಎಸಿಯಲ್ಲಿ ನಿಮಿಷಕ್ಕೆ ಒಂದು ಎಂಬಿ ಇದ್ದದ್ದು ಹಿಂಡದ ಪಿಸಿಎಂ ಆದರೆ ಹನ್ನೊಂದೂವರೆ. ಚಿತ್ರದ ಮುಂದೆ ಇದು ಚಿಲ್ಲರೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಚೀಲದೊಳಗೆ ಏನಿದೆ ನೋಡಿ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಇದ್ದರೆ 'ಕೋಡೆಕ್ ಇನ್ಫರ್ಮೇಶನ್' ಒತ್ತಿದರೆ ಸಾಕು. ಇನ್ನೂ ವಿವರ ಬೇಕಾದರೆ ಮೀಡಿಯಾಇನ್ಫೊ. ಒಳಗೆ ಎಚ್.264 ಇದ್ದು ಟಿವಿ ಓದುತ್ತಿಲ್ಲ ಅಂದರೆ ಚೀಲವಷ್ಟೇ ಬದಲಿಸಿ. ನಿಜಕ್ಕೂ ಹೊಸದಾಗಿ ಕಟ್ಟಲೇಬೇಕು ಅಂದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಎಚ್.264, ಆರ್‌ಎಫ್ 20ರಿಂದ 22, ಚಿತ್ರಗಳ ಸಂಖ್ಯೆ 'ಮೂಲದಂತೆ'. ಮೊದಲು ಒಂದೇ ನಿಮಿಷದ ತುಂಡು ಮಾಡಿ ಗಾತ್ರ ನೋಡಿ, ಆಮೇಲೆ ಇಡೀ ಮೂರು ಗಂಟೆಯ ಮದುವೆಗೆ ಕೈಹಾಕಿ. ದುಬೈಯಲ್ಲೋ ಪುಣೆಯಲ್ಲೋ ಇರುವ ತಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಅಂತ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ 2 ಜಿಬಿವರೆಗೆ ಹಾಗೆಯೇ ಹೋಗುತ್ತದೆ. 2022ಕ್ಕೆ ಮೊದಲು ಈ ಮಿತಿ 100 ಎಂಬಿ ಇತ್ತು.

ಮೂಲ ಫೈಲನ್ನು ಅಳಿಸಬೇಡಿ ಅಂತ ಮನೆಯ ಹಾಡಿಗೆ ಹೇಳಿದ್ದನ್ನೇ ಅಂಗಡಿಯ ಸಿಸಿಟಿವಿಗೂ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಚೀಲ ಬದಲಿಸಿದರೂ ಬೆರಳಚ್ಚು ಬದಲಾಗುತ್ತದೆ. ಕಳ್ಳತನದ ದೃಶ್ಯ ಫೋನಿನಲ್ಲಿ ಓಡುತ್ತಿಲ್ಲ ಅಂತ ಯಾರಾದರೂ ಎವಿಐ ಮಾಡಿ, ಡಿವಿಆರ್‌ನಲ್ಲಿದ್ದದ್ದು ವಾರ ಕಳೆದು ತಾನಾಗೇ ಅಳಿದುಹೋದರೆ, ಕೈಯಲ್ಲಿ ಉಳಿಯುವುದು ನಾಲ್ಕು ಪಟ್ಟು ದಪ್ಪ ಆದ ನಕಲು. ಡಿವಿಆರ್ ಕೊಡುವ ಅದರದೇ ಫೈಲನ್ನು, ಅದರದೇ ಪ್ಲೇಯರ್ ಸಮೇತ, ಹಾಗೆಯೇ ಇಳಿಸಿಟ್ಟುಕೊಳ್ಳಿ.

ಇನ್ನು ಆ ಸ್ಟುಡಿಯೊ ಗೆಳೆಯನ ಕಪಾಟಿನಲ್ಲಿ 2004-05ರ ಮಿನಿಡಿವಿ ಕ್ಯಾಸೆಟ್‌ಗಳು ಒಂದು ರಟ್ಟಿನ ಡಬ್ಬಿ ತುಂಬ ಇವೆ. ಅರ್ಧಕ್ಕರ್ಧ ಮೇಲೆ ಹೆಸರೂ ಇಲ್ಲ. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿದರೆ ಸುಮಾರು 13 ಜಿಬಿ. ಅದು ಉಬ್ಬಿದ್ದಲ್ಲ, ಡಿವಿಯ ನಿಜವಾದ ತೂಕವೇ ಅಷ್ಟು, ಸೆಕೆಂಡಿಗೆ 25 ಮೆಗಾಬಿಟ್. ಇಳಿಸಿಕೊಳ್ಳಲು ಕ್ಯಾಸೆಟ್ ಓಡಿಸುವ ಕ್ಯಾಮೆರಾ, ಫೈರ್‌ವೈರ್ ಕಿಂಡಿ ಇರುವ ಕಂಪ್ಯೂಟರ್, ನಡುವೆ ಕೇಬಲ್ ಬೇಕು. ಅವನ ಕ್ಯಾಮೆರಾದ ಹೆಡ್ ಸವೆದಿದೆ. ಕಲಬುರಗಿ, ಆಳಂದ, ಅಫಜಲಪುರ ಕಡೆ ಯಾರ ಮನೆಯಲ್ಲಾದರೂ ಓಡುವ ಮಿನಿಡಿವಿ ಕ್ಯಾಮೆರಾ ಇದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಹಾರ್ಡ್ ಡಿಸ್ಕ್ ನಾನು ತರುತ್ತೇನೆ.